ಇನ್ನೊಂದು ಆಪ್ ತರುವ ಮೊದಲು ನಮ್ಮ ಮಳೆಗಾಲದಲ್ಲಿ ಒಮ್ಮೆ ಪರೀಕ್ಷಿಸಿ: ಕೊಡಗಿನ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳೇ,
ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳೇ,
ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಶಾಸಕರೇ,

ನಮಸ್ಕಾರ.

ನಮ್ಮ ಜಿಲ್ಲೆಗೆ ಇನ್ನೊಂದು ಆರೋಗ್ಯದ ಆಪ್ ಅಥವಾ ಮಿಷನ್ (ಯಂತ್ರ) ತರುವ ಮುಂಚೆ, ಈಗಾಗಲೇ ತಂದಿರುವುದರಿಂದ ರೋಗಿಗಳಿಗೆ ಏನಾಯಿತು ಅಂತ ಲೆಕ್ಕ ಕೊಡಿ. ಹೊಸದು ತರುವುದೇ ಆದರೆ ಅದನ್ನು ಇಲ್ಲೇ, ಜುಲೈ ತಿಂಗಳ ಮಳೆಯಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಪರೀಕ್ಷೆ ಮಾಡಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದಿರಲಿ, ಜನರ ಮುಂದೆ ಇಡಿ. ನಾನು ಕೇಳುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗಿದೆ.

ನಾನು ದಕ್ಷಿಣ ಕೊಡಗಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಕೆಲವು ವರ್ಷ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದೆ. ಡಾಕ್ಟರ್ ಅಲ್ಲ, ಕಂಪ್ಯೂಟರ್ ಓದಿದವನೂ ಅಲ್ಲ. ಆದರೆ ಸಮಿತಿಯ ಸಭೆಗಳಲ್ಲಿ ಕೂತು ಕೂತು ಒಂದು ವಿಷಯ ಗಮನಕ್ಕೆ ಬಂತು. ಸೋರುವ ಮಾಡಿಗೆ ಶೀಟು ಹಾಕಿಸಬೇಕಾದರೆ ಕೊಟೇಶನ್ ಕೇಳುತ್ತೇವೆ, ಬಿಲ್ಲು ನೋಡುತ್ತೇವೆ, ಮಳೆ ಬಂದ ಮೇಲೆ ಮತ್ತೆ ಸೋರುತ್ತದಾ ಅಂತ ತಲೆ ಎತ್ತಿ ನೋಡುತ್ತೇವೆ. ಟ್ಯಾಬ್ ಬಂದಾಗ ಹಾಗಿಲ್ಲ. ಉದ್ಘಾಟನೆ ಆಗುತ್ತದೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಆಮೇಲೆ ಅದರಿಂದ ಏನಾಯಿತು ಅಂತ ಯಾರಾದರೂ ಕೇಳಿದರೆ, ಎಷ್ಟು ಜನರ ಹೆಸರು ಎಂಟ್ರಿ ಆಗಿದೆ ಅನ್ನುವ ಸಂಖ್ಯೆ ಸಿಗುತ್ತದೆ. ಎಂಟ್ರಿ ಆದವರ ಗತಿ ಏನಾಯಿತು ಅನ್ನುವುದು ಯಾವ ಕಾಲಂನಲ್ಲೂ ಇರುವುದಿಲ್ಲ.

ನಮ್ಮೂರಲ್ಲಿ ವ್ಯಾಪಾರಿ ಔಟ್‌ಟರ್ನ್ ನೋಡದೆ ಒಂದು ಚೀಲ ಕಾಫಿ ತಗೊಳ್ಳುವುದಿಲ್ಲ. ಚೀಲ ಎಷ್ಟೇ ತೂಗಲಿ, ಒಳಗೆ ಬೇಳೆ ಎಷ್ಟಿದೆ ಅಂತ ನೋಡಿಯೇ ಬೆಲೆ ಕಟ್ಟುತ್ತಾನೆ. ಆರೋಗ್ಯದ ಆಪ್‌ಗಳಿಗೆ ಮಾತ್ರ ನಾವು ಚೀಲದ ತೂಕ ನೋಡಿಯೇ ಸುಮ್ಮನಾಗುತ್ತಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಂತ್ರಜ್ಞಾನ ಬೇಡ ಅಂತ ನಾನು ಹೇಳುತ್ತಿಲ್ಲ. ಕೊಡಗಿನಂಥ ಜಿಲ್ಲೆಗೆ ಅದು ಬೇರೆಯವರಿಗಿಂತ ಜಾಸ್ತಿ ಬೇಕು. ರೈಲು ಇಲ್ಲ. ಕುಟ್ಟದಿಂದ ಮಡಿಕೇರಿಗೆ ಸುಮಾರು 80 ಕಿಲೋಮೀಟರ್, ಅದೂ ತಿರುವು ರಸ್ತೆ. ಹೃದಯದ ತೊಂದರೆ, ತಲೆಗೆ ಪೆಟ್ಟು ಅಂದರೆ ಇವತ್ತಿಗೂ ಮೈಸೂರು ಇಲ್ಲವೇ ಮಂಗಳೂರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ರಸ್ತೆಯೇ ಇಲ್ಲದೆ ಊರೂರು ಕಡಿದುಹೋಗಿದ್ದು ನಿಮಗೆ ನೆನಪಿದೆ. ಅಂಥ ಹೊತ್ತಿನಲ್ಲಿ ದೂರದಲ್ಲಿರುವ ಡಾಕ್ಟರ ಮುಖ ಪರದೆ ಮೇಲೆ ಕಂಡರೂ ಅದು ದೊಡ್ಡ ಧೈರ್ಯವೇ.

ಇದು ಹೊಸ ಆಸೆಯೂ ಅಲ್ಲ. 2002ರಲ್ಲೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ನಮ್ಮ ಪಕ್ಕದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಅಂದರೆ ಟೆಲಿಮೆಡಿಸಿನ್ ನಮ್ಮ ಗಡಿಯ ಆಚೆ ಬದಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ಕಾಲದಲ್ಲಿ ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಅನ್ನುವುದು ನಮಗೆ ಬಾಯಿಪಾಠ ಆಗಿರಬೇಕಿತ್ತು. ಆಗಿದೆಯಾ?

ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿಯನ್ನೇ ತಗೊಳ್ಳಿ. 2019ರ ನವೆಂಬರ್‌ನಲ್ಲಿ ಶುರುವಾಯಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ಸೌಲಭ್ಯ ಬಂತು. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತು ಅಂತ ಕೇಂದ್ರ ಸರ್ಕಾರ ಹೇಳಿತು. ದೊಡ್ಡ ಸಂಖ್ಯೆ, ಒಪ್ಪುತ್ತೇನೆ. ಸರ್ಕಾರವೇ ಕಟ್ಟಿದ, ದುಡ್ಡು ಕೇಳದ ಇಂಥ ವ್ಯವಸ್ಥೆ ಅಷ್ಟು ಬೇಗ ಬೆಳೆದದ್ದು ಹೆಮ್ಮೆಯ ವಿಷಯ. ಆದರೆ ಆ 10 ಕೋಟಿಯಲ್ಲಿ ಎಷ್ಟು ಜನರಿಗೆ ಬರೆದುಕೊಟ್ಟ ಮಾತ್ರೆ ಸಿಕ್ಕಿತು? ಎಷ್ಟು ಜನ ಮಾರನೇ ದಿನ ಹೇಗೂ ಬಸ್ ಹತ್ತಿ ಆಸ್ಪತ್ರೆಗೆ ಹೋದರು? ಯಾರ ಕಾಯಿಲೆ ಬೇಗ ಗೊತ್ತಾಯಿತು, ಯಾರದ್ದು ಫೋನಿನಲ್ಲಿ ತಪ್ಪಿಹೋಯಿತು? ಇದನ್ನೇ ಕೊಡಗಿನ ಮಟ್ಟಿಗೆ ಕೇಳುತ್ತಿದ್ದೇನೆ. ಕರೆಗಳಿಗೆ ಟಾರ್ಗೆಟ್ ಇಟ್ಟರೆ ಕರೆಗಳು ಬರುತ್ತವೆ. ಅದರಲ್ಲಿ ಆಶ್ಚರ್ಯ ಏನಿಲ್ಲ, ಅಲ್ವಾ?

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಕಡಿಮೆ ಆದಾಯದ ದೇಶಗಳೆಲ್ಲ ಇದರಲ್ಲಿ ಒದ್ದಾಡಿವೆ, ಕೆಲವು ಪಾಠ ಕಲಿತಿವೆ. ಉಗಾಂಡಾದ ಕಥೆ ಕೇಳಿ. ಅಲ್ಲಿ ಒಂದೊಂದು ಸಂಸ್ಥೆ ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಮೊಬೈಲ್ ಯೋಜನೆ ಶುರು ಮಾಡಿ ಗೊಂದಲ ಎಬ್ಬಿಸಿತು. ಒಂದರ ಮಾಹಿತಿ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಎಲ್ಲವೂ ಪ್ರಯೋಗ, ಯಾವುದೂ ಮುಗಿಯುವುದಿಲ್ಲ, ಯಾವುದೂ ಬೆಳೆಯುವುದೂ ಇಲ್ಲ. ಕೊನೆಗೆ 2012ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ, ಹೊಸ ಮೊಬೈಲ್ ಆರೋಗ್ಯ ಯೋಜನೆಗಳನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ ಅಂತ ಆದೇಶ ಮಾಡಿತು. ಬಡ ದೇಶವೊಂದು ದಾನಿಗಳಿಗೆ 'ತಡೆಯಿರಿ' ಅಂದಿತು. ನನಗೆ ಅದು ಬಹಳ ಇಷ್ಟವಾಯಿತು. ದುಡ್ಡು ಅವರದೇ ಇರಬಹುದು. ಆದರೆ ಸಮಯ, ಸಿಬ್ಬಂದಿ, ರೋಗಿ ಎಲ್ಲ ನಮ್ಮವರು ತಾನೇ?

ಥಾಯ್ಲೆಂಡಿನಿಂದ ಕಲಿಯುವುದು ಇನ್ನೂ ಜಾಸ್ತಿ ಇದೆ. ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೋ ನೋಡಿ ರೆಟಿನಾ ಹಾಳಾಗಿದೆಯಾ ಅಂತ ಹೇಳುವ ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆಯನ್ನು ಗೂಗಲ್ ತಯಾರಿಸಿತ್ತು. ಲ್ಯಾಬಿನಲ್ಲಿ ಅದರ ನಿಖರತೆ ನೂರಕ್ಕೆ 90ರ ಮೇಲೆ. ತಜ್ಞ ಡಾಕ್ಟರಿಗೆ ಸಮ. ಅದನ್ನು ಅಲ್ಲಿನ 11 ಕ್ಲಿನಿಕ್‌ಗಳಲ್ಲಿ ನಿಜವಾದ ರೋಗಿಗಳ ಮೇಲೆ ಬಳಸಿ ನೋಡಿದರು. 2020ರಲ್ಲಿ ವರದಿ ಹೊರಬಂತು. ವ್ಯವಸ್ಥೆಗೆ ಕೊಟ್ಟ 1,838 ಫೋಟೋಗಳಲ್ಲಿ ನೂರಕ್ಕೆ 21ನ್ನು 'ಗುಣಮಟ್ಟ ಸಾಲದು' ಅಂತ ಅದು ತಿರಸ್ಕರಿಸಿತ್ತು.

ಕಾರಣ ಏನು ಗೊತ್ತಾ? ಬಹುತೇಕ ಕ್ಲಿನಿಕ್‌ಗಳಲ್ಲಿ ಕತ್ತಲೆ ಮಾಡಬಲ್ಲ ಕೋಣೆಯೇ ಇರಲಿಲ್ಲ. ಬೆಳಕು ಜಾಸ್ತಿ ಇದ್ದರೆ ಕಣ್ಣಿನ ಪಾಪೆ ಸಣ್ಣಗಾಗುತ್ತದೆ, ಫೋಟೋ ಚೆನ್ನಾಗಿ ಬರುವುದಿಲ್ಲ. ಒಂದು ಕಡೆ ಎರಡು ಗಂಟೆ ಇಂಟರ್ನೆಟ್ ಹೋಯಿತು. ಅವತ್ತು 200 ಜನರನ್ನು ನೋಡಬೇಕಿತ್ತು, 100 ಜನರನ್ನಷ್ಟೇ ನೋಡಲು ಆಯಿತು. ಫೋಟೋ ತಿರಸ್ಕಾರ ಆದ ರೋಗಿಯನ್ನು ಇನ್ನೊಂದು ದಿನ ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಕಳಿಸಬೇಕಿತ್ತು. ಆ ಫೋಟೋದಲ್ಲಿ ಏನೂ ತೊಂದರೆ ಇಲ್ಲ ಅಂತ ನರ್ಸ್‌ಗೆ ಕಣ್ಣಾರೆ ಕಾಣುತ್ತಿದ್ದರೂ ಅಷ್ಟೇ. ಕೂಲಿ ಬಿಟ್ಟು ಬಂದವರಿಗೆ ಇನ್ನೊಂದು ದಿನದ ಕೂಲಿ ಹೋಗುತ್ತದೆ ಅಂತ ಕೆಲವು ನರ್ಸ್‌ಗಳು ರೋಗಿಗಳಿಗೆ, 'ಇದರಲ್ಲಿ ಸೇರಬೇಡಿ' ಅಂತಲೇ ಹೇಳುತ್ತಿದ್ದರಂತೆ.

ಗಣಿತದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಕೋಣೆಯ ಬೆಳಕಿನಲ್ಲಿ, ಇಂಟರ್ನೆಟ್ ವೈರಿನಲ್ಲಿ, ಕೂಲಿಯ ಲೆಕ್ಕದಲ್ಲಿ. ಥಾಯ್ಲೆಂಡ್ ನಮಗಿಂತ ಸ್ಥಿತಿವಂತ ದೇಶ. ಅಲ್ಲೇ ಹೀಗಾದರೆ ನಮ್ಮ ಕಾಡಂಚಿನ ಉಪಕೇಂದ್ರಗಳಲ್ಲಿ ಏನಾಗಬಹುದು? ಆ ಕೆಲಸ ಮಾಡಿದವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ತಮ್ಮದೇ ವಸ್ತು ಎಲ್ಲಿ ಎಡವಿತು ಅಂತ ಅವರೇ ಬರೆದು ಪ್ರಕಟಿಸಿದರು. ನಮ್ಮ ಜಿಲ್ಲೆಗೆ ಬಂದ ಯಾವ ಯೋಜನೆಯವರೂ ಹಾಗೆ ಬರೆದದ್ದನ್ನು ನಾನು ಓದಿಲ್ಲ.

ಒಂದೇ ಉಪಾಯ ಒಂದು ಊರಲ್ಲಿ ಫಲ ಕೊಟ್ಟು ಇನ್ನೊಂದು ಊರಲ್ಲಿ ಸೋಲುವುದೂ ಉಂಟು. ಕೀನ್ಯಾದಲ್ಲಿ ಎಚ್‌ಐವಿ ಔಷಧ ತಗೊಳ್ಳುವವರಿಗೆ ವಾರಕ್ಕೊಮ್ಮೆ 'ಹೇಗಿದ್ದೀರಿ' ಅಂತ ಎಸ್‌ಎಂಎಸ್ ಕಳಿಸಿದರು. ತೊಂದರೆ ಇದೆ ಅಂತ ಉತ್ತರ ಬಂದರೆ, ಉತ್ತರವೇ ಬರದಿದ್ದರೆ, ಕ್ಲಿನಿಕ್‌ನಿಂದ ಫೋನ್ ಹೋಗುತ್ತಿತ್ತು. 538 ಜನರ ಮೇಲೆ ನಡೆದ ಆ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಔಷಧ ಸರಿಯಾಗಿ ತಗೊಂಡವರು ಎಸ್‌ಎಂಎಸ್ ಗುಂಪಿನಲ್ಲಿ ನೂರಕ್ಕೆ 62, ಉಳಿದವರಲ್ಲಿ 50. ಎರಡು ವರ್ಷದ ಮೇಲೆ ಕ್ಯಾಮರೂನ್‌ನಲ್ಲಿ 200 ಜನರ ಮೇಲೆ ಇನ್ನೊಂದು ಅಧ್ಯಯನ. ಅಲ್ಲೂ ವಾರಕ್ಕೊಂದು ಎಸ್‌ಎಂಎಸ್, ಆದರೆ ಹುರಿದುಂಬಿಸುವ ಸಂದೇಶ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣಗಳು ಹಲವು ಇರಬಹುದು. ನನಗೆ ಕಾಣುವುದು ಒಂದು: ಕೀನ್ಯಾದಲ್ಲಿ ಉತ್ತರ ನೋಡಿ ಫೋನ್ ಮಾಡುವ ಒಬ್ಬ ನರ್ಸ್ ಇದ್ದಳು.

ರುವಾಂಡಾದಲ್ಲೂ ಅದೇ ಪಾಠ. ಅಲ್ಲಿ ನಮ್ಮ ಆಶಾಗಳಂಥ ಕಾರ್ಯಕರ್ತೆಯರು ಗರ್ಭಿಣಿಯರ ಮಾಹಿತಿಯನ್ನು ಎಸ್‌ಎಂಎಸ್‌ನಲ್ಲಿ ಕಳಿಸುವ 'ರ‍್ಯಾಪಿಡ್‌ಎಸ್‌ಎಂಎಸ್' ವ್ಯವಸ್ಥೆ ದೇಶಪೂರ್ತಿ ಬಂತು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫೋನ್ ಜೊತೆಗೆ ತರಬೇತಿ, ಉಪಕರಣ, ಮೇಲ್ವಿಚಾರಣೆ ಸಿಕ್ಕ ಜಿಲ್ಲೆಗಳಲ್ಲಿ ಆಸ್ಪತ್ರೆ ಹೆರಿಗೆ ಜಾಸ್ತಿಯಾಯಿತು. ಬರೀ ವ್ಯವಸ್ಥೆ ಸಿಕ್ಕ ಜಿಲ್ಲೆಗಳಲ್ಲಿ ಏನೂ ಬದಲಾಗಲಿಲ್ಲ.

ನಮ್ಮ ದೇಶದ್ದೇ ಎರಡು ಉದಾಹರಣೆ ಕೊಡುತ್ತೇನೆ. 'ಕಿಲ್ಕಾರಿ' ಅಂತ ಒಂದು ಸೇವೆ ಇದೆ. ಗರ್ಭಿಣಿ, ಬಾಣಂತಿಯರಿಗೆ ವಾರಕ್ಕೊಂದು ರೆಕಾರ್ಡ್ ಮಾಡಿದ ಕರೆ ಬರುತ್ತದೆ. ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 5,000 ಹೆಂಗಸರನ್ನು ಎರಡು ಗುಂಪು ಮಾಡಿ ಅಳೆದರು. ಗರ್ಭನಿರೋಧಕ ಬಳಕೆ ಸ್ವಲ್ಪ ಜಾಸ್ತಿಯಾಗಿತ್ತು. ಬರೀ ಎದೆಹಾಲು ಕೊಡುವ ವಿಷಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಅಳೆಯದಿದ್ದರೆ ನಾವು ಎರಡರ ಶ್ರೇಯಸ್ಸನ್ನೂ ಕರೆಗಳಿಗೇ ಕೊಡುತ್ತಿದ್ದೆವು.

ಇನ್ನೊಂದು ಕ್ಷಯ ರೋಗದ್ದು. '99 ಡಾಟ್ಸ್' ಅನ್ನುವ ಜಾಣ ಉಪಾಯ. ಮಾತ್ರೆಯ ಪಟ್ಟಿಗೆ ಒಂದು ಲಕೋಟೆ. ಮಾತ್ರೆ ಒತ್ತಿ ತೆಗೆದರೆ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೆ ಪುಕ್ಕಟೆ ಕರೆ ಕೊಟ್ಟರೆ ಇವತ್ತಿನ ಮಾತ್ರೆ ನುಂಗಿದರು ಅಂತ ದಾಖಲಾಗುತ್ತದೆ. ದುಬಾರಿ ಮಿಷನ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಕೇಳಿದ ತಕ್ಷಣ ನನಗೂ ಭಲೇ ಅನಿಸಿತ್ತು. ಸಂಶೋಧಕರು ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಹೇಳದೆ ಕೇಳದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದರು. ಔಷಧ ಮೈಗೆ ಸೇರಿದೆಯಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಫೋನಿನ ಲೆಕ್ಕಕ್ಕೂ ಮೂತ್ರದ ಲೆಕ್ಕಕ್ಕೂ ಸರಿಯಾಗಿ ತಾಳೆ ಬೀಳಲಿಲ್ಲ. ಮಾತ್ರೆ ನುಂಗಿದವರು ಕರೆ ಮಾಡಿರಲಿಲ್ಲ. ಕರೆ ಮಾಡಿದವರಲ್ಲಿ ಕೆಲವರು ನುಂಗಿರಲಿಲ್ಲ. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಚಿಸಿ: ಪರದೆ ಮೇಲಿನ ಹಸಿರು ಬಣ್ಣ ನೋಡಿ ಆರೋಗ್ಯ ಸಿಬ್ಬಂದಿ ಒಬ್ಬ ಕ್ಷಯ ರೋಗಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದರೆ?

ಈಗ ಕೊಡಗಿಗೆ ಬರೋಣ.

ಯಾವುದೇ ಕಂಪನಿ ಇಲ್ಲಿಗೆ ಬಂದು ಡೆಮೊ ಕೊಡುವುದು ಯಾವಾಗ ಅಂತ ಗಮನಿಸಿದ್ದೀರಾ? ಅಕ್ಟೋಬರ್ ಮೇಲೆ. ಬಿಸಿಲು ಚೆನ್ನಾಗಿರುತ್ತದೆ, ರಸ್ತೆ ಒಣಗಿರುತ್ತದೆ, ಹೋಮ್‌ಸ್ಟೇ ಸಿಗುತ್ತದೆ. ಡೆಮೊ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಬಿರುನಾಣಿ, ಗಾಳಿಬೀಡು ಕಡೆ ಯಾರೂ ಮಿಷನ್ ಹೊತ್ತು ಹೋಗುವುದಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಪಿಎಚ್‌ಸಿಯ ಯುಪಿಎಸ್ ಲಸಿಕೆಯ ಫ್ರಿಜ್ಜಿಗೆ ಬೇಕಾ, ಟೆಲಿಮೆಡಿಸಿನ್ ಕಂಪ್ಯೂಟರಿಗೆ ಬೇಕಾ ಅನ್ನುವ ಪ್ರಶ್ನೆ ಅಲ್ಲಿನ ಸಿಸ್ಟರ್‌ಗೆ ಎದುರಾಗುವುದು ಅವಾಗ. ಜ್ವರ, ಭೇದಿ ಜಾಸ್ತಿ ಆಗುವುದೂ ಅವಾಗಲೇ. ಹಾಗಾಗಿ ಮಳೆಗಾಲ ಬಿಟ್ಟು ಮಾಡಿದ ಪರೀಕ್ಷೆ ಕೊಡಗಿನ ಪರೀಕ್ಷೆಯೇ ಅಲ್ಲ.

ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುವುದು ನಮ್ಮಲ್ಲಿ ಮಾಮೂಲು. ಆದರೆ ತಿತಿಮತಿ, ಬಾಳೆಲೆ ಕಡೆಯ ಆಶಾ ಕಾರ್ಯಕರ್ತೆಗೆ ಸಂಜೆ ಆರರ ಮೇಲೆ ದಿಬ್ಬ ಹತ್ತುವುದು ಅಂದರೆ ಆನೆ ಬಾಯಿಗೆ ಹೋಗುವ ಕೆಲಸ. 'ಆಫ್‌ಲೈನ್ ಎಂಟ್ರಿ ಇದೆ, ನೆಟ್‌ವರ್ಕ್ ಬಂದಾಗ ತಾನೇ ಹೋಗುತ್ತದೆ' ಅಂತ ಡೆಮೊದಲ್ಲಿ ಹೇಳುತ್ತಾರೆ. ಎಷ್ಟು ಎಂಟ್ರಿ ಹೋಗದೆ ಉಳಿಯಿತು, ಎಷ್ಟು ಎರಡೆರಡು ಸಲ ಹೋಯಿತು ಅಂತ ಎಣಿಸಿ ಹೇಳುವವರನ್ನು ನಾನಿನ್ನೂ ಕಂಡಿಲ್ಲ.

ಲೈನ್ ಮನೆಗಳ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೊಡಗಿನ ಆರೋಗ್ಯದ ನಿಜವಾದ ಪರೀಕ್ಷೆ ಅಲ್ಲೇ ಇದೆ. ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಕೊಯ್ಲು ಮುಗಿದರೆ ಇನ್ನೊಂದು ತೋಟ, ಇಲ್ಲವೇ ವಾಪಸ್ ಊರು. ಹಾಗೆ ಬಂದ ಗರ್ಭಿಣಿಯ ತಾಯಿ ಕಾರ್ಡ್ ಒಂದು ಕಡೆ, ಆಕೆ ಒಂದು ಕಡೆ. ಯರವರು, ಜೇನುಕುರುಬರು, ಬೆಟ್ಟಕುರುಬರು ತೋಟ ಮತ್ತು ಹಾಡಿಯ ನಡುವೆ ಓಡಾಡುತ್ತಿರುತ್ತಾರೆ. ಆಪ್ ಕೇಳುವುದು ಒಂದು ಕಾಯಂ ವಿಳಾಸ, ಒಂದು ಆಧಾರ್, ಒಂದು ಫೋನ್ ನಂಬರ್.

ಆ ಫೋನ್ ನಂಬರಿನ ಕಥೆ ಕೇಳಿ. ಸ್ವಂತ ಫೋನ್ ಇಲ್ಲದವರು ಯಾರ ನಂಬರ್ ಕೊಡುತ್ತಾರೆ? ತೋಟದ ಲೆಕ್ಕ ನೋಡುವ ರೈಟರದ್ದು. ಇಲ್ಲವೇ ಮಾಲೀಕರದ್ದು. ಹಾಗಾಗಿ ನನ್ನಂಥ ಬೆಳೆಗಾರರ ಫೋನಿಗೆ ನಮ್ಮಲ್ಲಿ ಕೆಲಸ ಮಾಡುವವರ ಓಟಿಪಿ ಬರುತ್ತದೆ. ಅದರ ಹಿಂದೆಯೇ ಆರೋಗ್ಯದ ಸಂದೇಶವೂ ಬರುತ್ತದೆ. ಯಾರು ಗರ್ಭಿಣಿ, ಯಾರು ಕಫ ಪರೀಕ್ಷೆಗೆ ಹೋಗಬೇಕು ಅನ್ನುವುದು ಗಂಡನಿಗಿಂತ ಮುಂಚೆ ಕೂಲಿ ಕೊಡುವವನಿಗೆ ಗೊತ್ತಾಗುತ್ತದೆ. ಕ್ಷಯ ಅಂತ ಗೊತ್ತಾದರೆ ಕೆಲಸವೇ ಹೋಗಬಹುದು. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದಾಗಿನಿಂದ ರೋಗಿಯ ಆರೋಗ್ಯ ದಾಖಲೆ ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಮಾಡಿಸುವ ಅವಸರ ಎಲ್ಲ ಕಡೆ ಇದೆ. ರೋಗಿಯ ಒಪ್ಪಿಗೆ ಪಡೆದೇ ಮಾಹಿತಿ ಹಂಚಬೇಕು ಅಂತ ಅದರ ನಿಯಮ ಹೇಳುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನೂ ಆಯಿತು. ಆದರೆ ಓಟಿಪಿ ರೈಟರ ಕೈಗೆ ಬಂದರೆ ಒಪ್ಪಿಗೆ ಕೊಟ್ಟವರು ಯಾರು? ಬೆಂಗಳೂರಿನಲ್ಲಿ ಕೂತು ಆಪ್ ಮಾಡುವವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಇಲ್ಲಿ ಲೈನ್ ಮನೆ ಬಾಗಿಲಲ್ಲಿ ಅರ್ಧ ದಿನ ನಿಂತರೆ ತಾನೇ ಹೊಳೆಯುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಫೋನ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54 ಮಾತ್ರ. ಉಳಿದವರಿಗೆ ಕಳಿಸಿದ ಸಂದೇಶ ಯಾರ ಕಿವಿಗೆ ಬೀಳುತ್ತಿದೆ? ಭಾಷೆಯದ್ದು ಇನ್ನೊಂದು ಕಥೆ. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವರ ಮಾತು, ಜೇನುಕುರುಬರ ಮಾತು, ಬಂಗಾಳಿ ಎಲ್ಲ ಕೇಳುತ್ತದೆ. ಪುಸ್ತಕದ ಕನ್ನಡದಲ್ಲಿ ರೆಕಾರ್ಡ್ ಮಾಡಿದ ಕರೆ ಇಲ್ಲಿ ಅರ್ಧ ಜನರಿಗೆ ತಲುಪುವುದಿಲ್ಲ. ಕೊರೊನಾ ಲಸಿಕೆಯ ಕೋವಿನ್ ನೆನಪಿದೆಯಾ? ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳು ಅದರಲ್ಲಿ ಬಂದದ್ದು 2021ರ ಜೂನ್‌ನಲ್ಲಿ, ಅಷ್ಟರಲ್ಲಿ ಎರಡನೇ ಅಲೆಯ ಅಬ್ಬರವೇ ಇಳಿಯುತ್ತಿತ್ತು. ಫೋನಿಲ್ಲದ ಹಳ್ಳಿಯವರು ಏನು ಮಾಡಬೇಕು ಅಂತ ಸುಪ್ರೀಂ ಕೋರ್ಟೇ ಕೇಳಬೇಕಾಯಿತು.

ಇನ್ನು ಆಶಾ ಅಕ್ಕಂದಿರು. ಯಾವ ಆಪ್ ಬಂದರೂ ಕೊನೆಗೆ ಅದನ್ನು ತುಂಬಿಸುವವರು ಅವರು, ಉಪಕೇಂದ್ರದ ಸಿಸ್ಟರು, ಅಂಗನವಾಡಿ ಟೀಚರು. ರಿಜಿಸ್ಟರ್ ಹೋಗಲಿಲ್ಲ, ಅದರ ಮೇಲೆ ಆಪ್ ಬಂತು. ಒಂದೇ ಮಗುವಿನ ತೂಕವನ್ನು ಎಷ್ಟು ಕಡೆ ಬರೆಯುತ್ತಾರೆ ಅಂತ ಒಮ್ಮೆ ಅವರ ಪಕ್ಕ ಕೂತು ನೋಡಿ. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿಯವರು ಸರ್ಕಾರ ಕೊಟ್ಟ ಫೋನುಗಳನ್ನೇ ವಾಪಸ್ ಕೊಟ್ಟು ಬಂದರು. ನಮ್ಮ ರಾಜ್ಯದ ಆಶಾಗಳು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಾಗ, ಪೋರ್ಟಲ್‌ನಲ್ಲಿ ಎಂಟ್ರಿ ಆಗದ ಕೆಲಸಕ್ಕೆ ದುಡ್ಡು ಸಿಗುತ್ತಿಲ್ಲ ಅನ್ನುವುದೂ ಅವರ ದೂರುಗಳಲ್ಲಿ ಒಂದಾಗಿತ್ತು. ಸರ್ವರ್ ಡೌನ್ ಆದರೆ ಅವರ ಸಂಪಾದನೆ ಡೌನ್. ಯಾವ ಯೋಜನೆಯ ವರದಿಯಲ್ಲಾದರೂ ಈ ಖರ್ಚು ಬರೆದಿರುವುದನ್ನು ನೋಡಿದ್ದೀರಾ?

ಖರ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ. 'ಇದು ಪುಕ್ಕಟೆ, ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜಸೇವೆಗೆ ಕೊಡುವುದು)' ಅಂತ ಯಾರಾದರೂ ಹೇಳಿದರೆ ಮೊದಲು ಮೂರನೇ ವರ್ಷದ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಕೇಳಿ. ಬ್ಯಾಟರಿ ಹೋಗುತ್ತದೆ. ಸಿಮ್ ರೀಚಾರ್ಜ್ ಬೇಕು. ಪರೀಕ್ಷೆಯ ಸ್ಟ್ರಿಪ್ಪು ಮುಗಿಯುತ್ತದೆ, ಅದನ್ನು ಅದೇ ಕಂಪನಿಯಿಂದಲೇ ತರಿಸಬೇಕು. ನಮ್ಮ ಗೋಡೆಗಳ ಶೀತಕ್ಕೆ ಫಂಗಸ್ ಹಿಡಿದ ಮಿಷನ್ ರಿಪೇರಿ ಮಾಡುವವನು ಮೈಸೂರಿನಿಂದ ಬರಬೇಕು.

ನೀವು ಹೇಳಬಹುದು, 'ಇದೆಲ್ಲ ದೆಹಲಿ, ಬೆಂಗಳೂರಿನಲ್ಲಿ ತೀರ್ಮಾನ ಆಗುವ ವಿಷಯ. ನಾವು ಬರೀ ಜಾರಿ ಮಾಡುವವರು' ಅಂತ. ಸ್ವಲ್ಪ ನಿಜ. ಆದರೆ ಜಾರಿ ಹೇಗಾಯಿತು ಅಂತ ಅಳೆಯಬೇಡಿ ಅಂತ ಯಾವ ಸುತ್ತೋಲೆಯೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಡಿಜಿಟಲ್ ಆರೋಗ್ಯ ಯೋಜನೆಗಳನ್ನು ಅಳೆಯುವ ಕೈಪಿಡಿ ತಂದಿದೆ. 2019ರ ಮಾರ್ಗಸೂಚಿಯಲ್ಲಿ ಅದು ಹೇಳಿದ್ದೂ ಇದನ್ನೇ: ಇವು ಆಸ್ಪತ್ರೆ, ಡಾಕ್ಟರು, ಔಷಧಕ್ಕೆ ಪೂರಕ, ಬದಲಿ ಅಲ್ಲ. ನಮ್ಮ ದೇಶದಲ್ಲೂ 2020ರ ಏಪ್ರಿಲ್‌ನಿಂದ ಕಾಯಿಲೆ ಪತ್ತೆಗೆ ಬಳಸುವ ಸಾಫ್ಟ್‌ವೇರ್ ವೈದ್ಯಕೀಯ ಸಾಧನಗಳ ಕಾನೂನಿನೊಳಗೆ ಬಂದಿದೆ. ಕೃತಕ ಬುದ್ಧಿಮತ್ತೆಯ ಬಳಕೆಗೆ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೈತಿಕ ಮಾರ್ಗಸೂಚಿ ಕೊಟ್ಟಿದೆ. ನಿಮ್ಮ ಬೆನ್ನಿಗೆ ಬೇಕಾದಷ್ಟು ಕಾಗದ ಇದೆ.

'ಅಳೆಯುತ್ತಾ ಕೂತರೆ ವರ್ಷಗಳು ಹೋಗುತ್ತವೆ, ಅಷ್ಟರಲ್ಲಿ ಆಪ್ ಬದಲಾಗಿರುತ್ತದೆ' ಅನ್ನುವ ಮಾತೂ ಕೇಳಿದ್ದೇನೆ. ಇದರಲ್ಲಿ ಹುರುಳಿದೆ. ಎಲ್ಲದಕ್ಕೂ ದೊಡ್ಡ ಅಧ್ಯಯನ ಬೇಕಿಲ್ಲ. ಲಸಿಕೆಯ ದಿನ ನೆನಪಿಸುವ ಎಸ್‌ಎಂಎಸ್‌ಗೆ ಸಣ್ಣ ಪರೀಕ್ಷೆ ಸಾಕು. ಎಕ್ಸ್‌ರೇ ನೋಡಿ ಕ್ಷಯ ಇದೆ, ಇಲ್ಲ ಅಂತ ಹೇಳುವ ಸಾಫ್ಟ್‌ವೇರ್‌ಗೆ ಗಟ್ಟಿ ಪರೀಕ್ಷೆ ಬೇಕು. ತಪ್ಪಾದರೆ ಜೀವ ಹೋಗುತ್ತದಾ ಅನ್ನುವುದರ ಮೇಲೆ ನಿರ್ಧಾರ ಮಾಡಿ. ಬ್ರಿಟನ್ನಿನವರು 2019ರಲ್ಲಿ ಹೀಗೇ ದರ್ಜೆ ಮಾಡಿ, ಒಂದೊಂದು ದರ್ಜೆಗೆ ಎಷ್ಟು ಪುರಾವೆ ಬೇಕು ಅಂತ ಗೊತ್ತು ಮಾಡಿದರು.

ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡುವುದು ಅಂಥ ಕಷ್ಟವೂ ಅಲ್ಲ. ಯಾವ ಯೋಜನೆಯೂ ಒಂದೇ ದಿನ ಎಲ್ಲ ಪಿಎಚ್‌ಸಿಗೆ ಬರುವುದಿಲ್ಲ. ಹಂತ ಹಂತವಾಗಿಯೇ ಬರುತ್ತದೆ. ಹಾಗಾದರೆ ಯಾವ ಪಿಎಚ್‌ಸಿಗೆ ಮೊದಲು, ಯಾವುದಕ್ಕೆ ಆಮೇಲೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡಿ. ಈಗ ಅದು ಯಾರ ಪ್ರಭಾವ ಎಷ್ಟು ಅನ್ನುವುದರ ಮೇಲೆ ನಡೆಯುತ್ತದೆ. ಚೀಟಿ ಎತ್ತಿದರೆ ಬಂದ ಕಡೆಗೂ ಇನ್ನೂ ಬರದ ಕಡೆಗೂ ಹೋಲಿಸಿ ನೋಡಲು ಆಗುತ್ತದೆ, ಜಗಳವೂ ಕಡಿಮೆ. ಶುರು ಮಾಡುವ ಮುಂಚಿನ ಸ್ಥಿತಿ ಬರೆದಿಟ್ಟುಕೊಳ್ಳಿ. ಕನಿಷ್ಠ ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಕೊಯ್ಲಿನ ಕಾಲ ಅದರೊಳಗೆ ಬರಲಿ.

ಅಳೆಯುವ ಕೆಲಸ ಮಾರುವವರ ಕೈಗೆ ಕೊಡಬೇಡಿ. ಮಡಿಕೇರಿಯಲ್ಲೇ ವೈದ್ಯಕೀಯ ಕಾಲೇಜಿದೆ. ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಕೊಡಿ. ಹೌಸ್ ಸರ್ಜನ್‌ಗಳು ಹಾಡಿಗೆ ಹೋಗಿ, ಟೆಲಿ-ಸಮಾಲೋಚನೆ ಆದ ಎರಡು ವಾರದ ಮೇಲೆ ರೋಗಿಯನ್ನು ಮುಖತಃ ಕೇಳಲಿ: ಔಷಧ ಸಿಕ್ಕಿತಾ, ಗುಣ ಆಯಿತಾ, ಎಷ್ಟು ಖರ್ಚಾಯಿತು, ಮತ್ತೆ ಎಲ್ಲಿಗಾದರೂ ಹೋಗಬೇಕಾಯಿತಾ. ಆಪ್‌ನಲ್ಲಿ ಹೆಸರೇ ಇಲ್ಲದವರನ್ನೂ ಹುಡುಕಿ ಕೇಳಲಿ. ಯಾರು ತಪ್ಪಿಹೋದರು ಅನ್ನುವುದು ಆಪ್ ಒಳಗೆ ಕೂತರೆ ಯಾವತ್ತೂ ಕಾಣುವುದಿಲ್ಲ. ಆಶಾ ಕಾರ್ಯಕರ್ತೆಯ ಸಮಯವನ್ನೂ ಗಡಿಯಾರ ಇಟ್ಟು ನೋಡಿ. ಹೊಸ ಎಂಟ್ರಿ ಬಂದರೆ ಹಳೆಯ ಒಂದು ರಿಜಿಸ್ಟರ್ ರದ್ದಾಗಬೇಕು. ರದ್ದು ಮಾಡಲು ಆಗದಿದ್ದರೆ ಹೊಸದು ಬೇಡ.

ಒಪ್ಪಂದ ಮಾಡುವಾಗಲೇ ಮೂರು ಮಾತು ಬರೆಸಿಕೊಳ್ಳಿ. ಎಷ್ಟು ಸುಧಾರಣೆ ಕಂಡರೆ ಮುಂದುವರಿಸುವುದು, ಎಷ್ಟಕ್ಕಿಂತ ಕಡಿಮೆಯಾದರೆ ನಿಲ್ಲಿಸುವುದು. ನಿಲ್ಲಿಸಿದರೆ ರೋಗಿಗಳ ಮಾಹಿತಿ ಯಾರ ಬಳಿ ಇರುತ್ತದೆ. ಫಲಿತಾಂಶ ಪ್ರಕಟಿಸಲು ಕಂಪನಿಯ ಒಪ್ಪಿಗೆ ಬೇಕಿಲ್ಲ.

ಫೋನ್ ನಂಬರಿನ ವಿಷಯಕ್ಕಂತೂ ಕಾಯುವ ಅಗತ್ಯವೇ ಇಲ್ಲ, ನಾಳೆಯೇ ಸರಿಮಾಡಬಹುದು. ರೈಟರು, ಮಾಲೀಕರ ನಂಬರ್ ಕೊಟ್ಟವರ ಕಾಯಿಲೆಯ ಸಂದೇಶ ಆ ನಂಬರಿಗೆ ಹೋಗಬಾರದು. ಅಂಥವರ ಪಟ್ಟಿ ಆಶಾ ಕೈಗೆ ಬರಲಿ, ಆಕೆ ಬಾಯಿಮಾತಿನಲ್ಲಿ ತಿಳಿಸಲಿ. ಒಂದೇ ನಂಬರಿಗೆ ಹತ್ತಾರು ಹೆಸರು ಅಂಟಿದ್ದರೆ ಅದನ್ನು ಕಂಪ್ಯೂಟರ್ ಒಂದು ನಿಮಿಷದಲ್ಲಿ ಹುಡುಕಿಕೊಡುತ್ತದೆ. ಕಂಪ್ಯೂಟರಿಗೆ ಬರುವ ಕೆಲಸ ಅದೇ ತಾನೇ.

ಶಾಸಕರಲ್ಲಿ ಒಂದು ಮನವಿ. ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯ ಅಜೆಂಡಾದಲ್ಲಿ ಈ ವಿಷಯ ಸೇರಿಸಿ. ಜಿಲ್ಲೆಯಲ್ಲಿ ಈಗ ಆರೋಗ್ಯಕ್ಕೆ ಸಂಬಂಧಪಟ್ಟ ಎಷ್ಟು ಆಪ್, ಪೋರ್ಟಲ್, ಮಿಷನ್‌ಗಳಿವೆ, ಯಾವುದು ಯಾರ ದುಡ್ಡಿನಲ್ಲಿ ಬಂತು, ಯಾವುದು ಇವತ್ತು ಕೆಲಸ ಮಾಡುತ್ತಿದೆ, ಯಾವುದು ಕಪಾಟಿನಲ್ಲಿದೆ ಅಂತ ಒಂದು ಪಟ್ಟಿ ಕೇಳಿ. ಪಟ್ಟಿಯನ್ನು ಪ್ರತಿ ಪಿಎಚ್‌ಸಿಯ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಹಚ್ಚಿಸಿ. ಮೇ ತಿಂಗಳು ಮುಗಿಯುವುದರೊಳಗೆ ಅದು ಬಂದರೆ ಈ ಮಳೆಗಾಲವನ್ನೇ ಮೊದಲ ಪರೀಕ್ಷೆಗೆ ಬಳಸಿಕೊಳ್ಳಬಹುದು. ಬರದಿದ್ದರೆ ಜೂನ್ ಮೊದಲ ವಾರ ಇದೇ ಪ್ರಶ್ನೆಗಳನ್ನು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ,
ಆರೋಗ್ಯ ರಕ್ಷಾ ಸಮಿತಿಯ ಮಾಜಿ ಸದಸ್ಯ,
ದಕ್ಷಿಣ ಕೊಡಗು